ಟಾಂಗೈಲ್‌ಗೆ ಮರಳಿ: ಹಿರಿಯ ಪ್ಯಾರಾ ಸೈನಿಕರನ್ನು ಇಳಿದ ಗದ್ದೆಗೇ ಕರೆದೊಯ್ಯುವುದು ಹೇಗೆ?

ಆಲೂರು ಕಡೆಯವ

ಹಾಸನ ಜಿಲ್ಲೆಯ ಮೂವರು ಹಿರಿಯರು 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಅಲ್ಲಿನ ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದವರು. ಆ ಜಾಗವನ್ನು ಇನ್ನೊಮ್ಮೆ ನೋಡಬೇಕು ಅನ್ನುತ್ತಿದ್ದಾರೆ. ಎಲ್ಲರಿಗೂ ಎಪ್ಪತ್ತೈದು ದಾಟಿದೆ. ಒಬ್ಬರಿಗೆ ಮಂಡಿ ಬದಲಾಯಿಸಿದೆ, ಇನ್ನೊಬ್ಬರಿಗೆ ಶುಗರ್, ಇನ್ಸುಲಿನ್ ಇದೆ. ಢಾಕಾ ತೋರಿಸಿ ಸ್ಮಾರಕಕ್ಕೆ ಹೂವಿಡಿಸಿ ಕರೆತರುವುದನ್ನು ಯಾವ ಟೂರಿನವರೂ ಮಾಡುತ್ತಾರೆ. ಇವರು ಕೇಳುತ್ತಿರುವುದು ತಾವು ಬಿದ್ದ ಗದ್ದೆ, ಮತ್ತೆ ಅಂದು ರಾತ್ರಿ ಕೈವಶ ಮಾಡಿಕೊಂಡ ಸೇತುವೆ. ಕಾಗದಪತ್ರ, ನಕಾಶೆ, ಆರೋಗ್ಯ ಮೂರರ ಬಗ್ಗೆಯೂ ತಿಳಿದವರು ದಯವಿಟ್ಟು ಬರೆಯಿರಿ.

ಸಕಲೇಶಪುರ ಘಾಟಿ

ಮೊದಲು ಕಾಗದ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ತೊಡಕಾಗುವುದು ಹೆಸರಿನಲ್ಲಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅದಕ್ಕೆ ‘ಗೌಡ’ ಸೇರಿರುತ್ತದೆ, ಪಿಂಚಣಿ ಆದೇಶದಲ್ಲಿ ಇನ್ನೊಂದು ಇನಿಷಿಯಲ್. ಖಾಸಗಿಯಾಗಿ ಹೋದರೆ ಇದರಿಂದ ಏನೂ ಆಗದು. ಅಧಿಕೃತ ನಿಯೋಗದಲ್ಲಿ ಸೇರಿಸಿ ಅಂತ ಕೇಳುವುದಾದರೆ ಮಾತ್ರ ಸೇನೆಯ ರೆಕಾರ್ಡ್ಸ್ ಆಫೀಸಿನ ಹೆಸರು, ಪಾಸ್‌ಪೋರ್ಟಿನ ಹೆಸರು ಎರಡೂ ತಾಳೆಯಾಗಬೇಕು. ಡಿಸೆಂಬರ್ 16ರ ವಿಜಯ ದಿವಸಕ್ಕೆ ನಮ್ಮ ಹಿರಿಯ ಸೈನಿಕರು ಢಾಕಾಕ್ಕೆ, ಅಲ್ಲಿನ ಮುಕ್ತಿಯೋಧರು (ಬಾಂಗ್ಲಾ ಬಿಡುಗಡೆಗೆ ಹೋರಾಡಿದವರು) ಕೋಲ್ಕತ್ತಕ್ಕೆ ಬಂದು ಹೋಗುವ ಪದ್ಧತಿ ಇದೆ. ಅದಕ್ಕೆ ಹೆಸರು ಕೊಡುವುದಾದರೆ ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ಟ್ರೈನಿಂಗ್ ಸೆಂಟರ್‌ನಲ್ಲಿ ವಿಚಾರಿಸಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಒಂದು ಪತ್ರ ಜೊತೆಗಿರಲಿ.

ಇನ್ನೊಂದು ಮಾತು. 2024ರ ಆಗಸ್ಟ್ ನಂತರ ಬಾಂಗ್ಲಾದೇಶದ ಪರಿಸ್ಥಿತಿಯೂ ಬದಲಾಗಿದೆ, ವೀಸಾ ವಿಚಾರವೂ ಬಿಗಿಯಾಗಿದೆ. ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಮಾಡಿಸಬೇಡಿ. ಮಾಡಿಸಿದರೂ ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟೇ ಇರಲಿ.

ನಕಾಶೆ ಮೇಷ್ಟ್ರು

ಯುದ್ಧಭೂಮಿಗೆ ಮರಳುವ ಪ್ರವಾಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ಹಿರಿಯರನ್ನು ಸ್ಮಾರಕದ ಮುಂದೆ ನಿಲ್ಲಿಸುತ್ತಾರೆ. ಸ್ಮಾರಕ ಕಟ್ಟಿದ್ದು ಆಮೇಲೆ. ಅವರ ನೆನಪಿನಲ್ಲಿರುವುದು ಬದು, ಹೊಂಡ, ರಸ್ತೆಯ ಏರಿ, ಸೇತುವೆಯ ಕಂಬ. ಇವನ್ನು ಹಾಸನದಲ್ಲಿ ಕೂತೇ ಗುರುತಿಸಿಕೊಂಡು ಹೊರಡಬೇಕು, ಅಲ್ಲಿ ಹೋಗಿ ಹುಡುಕಲು ಸಮಯವೂ ಇರಲ್ಲ, ಹಿರಿಯರಿಗೆ ತ್ರಾಣವೂ ಇರಲ್ಲ.

ಹಳೆಯ ನಕಾಶೆಗೆ ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್‌ನ ಯು502 ಸರಣಿ ನೋಡಿ. ಭಾರತ-ಪಾಕಿಸ್ತಾನದ 1:2,50,000 ಅಳತೆಯ ಹಾಳೆಗಳು, ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಆ ಅಳತೆಯಲ್ಲಿ ನಕಾಶೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಎರಡೂವರೆ ಕಿಲೋಮೀಟರ್, ಹಾಗಾಗಿ ಗದ್ದೆ ಕಾಣಲ್ಲ. ಆದರೆ ಆಗಿನ ರಸ್ತೆ ಎಲ್ಲಿತ್ತು, ನದಿ ಎಲ್ಲಿ ಹರಿಯುತ್ತಿತ್ತು ಅನ್ನುವುದು ಸ್ಪಷ್ಟ. ಗದ್ದೆಯ ಮಟ್ಟಕ್ಕೆ ಇಳಿಯಬೇಕಾದರೆ ಕೊರೋನಾ ಬೇಹುಗಾರಿಕೆ ಉಪಗ್ರಹದ ಚಿತ್ರಗಳಿವೆ. 1960ರಿಂದ 1972ರವರೆಗೆ ತೆಗೆದವು, 1995ರಲ್ಲಿ ರಹಸ್ಯಪಟ್ಟಿಯಿಂದ ಬಿಡುಗಡೆಯಾದವು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಅರ್ಥ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಹುಡುಕಿ. ಮೊದಲೇ ಸ್ಕ್ಯಾನ್ ಆಗಿರುವವಕ್ಕೆ ದುಡ್ಡಿಲ್ಲ.

ಹಳೆಯ ಹಾಳೆಯ ಅಕ್ಷಾಂಶ-ರೇಖಾಂಶವನ್ನು ಮೊಬೈಲ್ ಜಿಪಿಎಸ್‌ಗೆ ಹಾಗೇ ಹಾಕಬೇಡಿ. ಭೂಮಿಯ ಆಕಾರಕ್ಕೆ ಹಿಡಿದ ಅಳತೆ ಎರಡರಲ್ಲೂ ಬೇರೆ: ಹಳೆಯದು ಎವರೆಸ್ಟ್ ಗೋಳದ ಲೆಕ್ಕ, ಮೊಬೈಲಿನದು ಡಬ್ಲ್ಯುಜಿಎಸ್ 84. ನೂರಾರು ಮೀಟರ್ ಆಚೀಚೆ ಆಗುತ್ತದೆ, ಸೇತುವೆಗೆ ಹೋಗಬೇಕಾದವರು ಯಾರದ್ದೋ ತೋಟದಲ್ಲಿ ನಿಂತಿರುತ್ತೀರಿ. ಗೂಗಲ್ ಅರ್ಥ್‌ನಲ್ಲಿ ಹಾಳೆಯನ್ನು ಮೇಲೆ ಹೊದಿಸಿ, ಅಂದಿಗೂ ಇಂದಿಗೂ ಜಾಗ ಬದಲಿಸದ ಕನಿಷ್ಠ ಮೂರು ಗುರುತು ಹಿಡಿದು ಕೂರಿಸಿ: ಹಳೆಯ ಮಸೀದಿ, ರಸ್ತೆ ಕೂಡುವ ಜಾಗ, ದೊಡ್ಡ ಕೆರೆಯ ಮೂಲೆ. ನದಿಯ ತಿರುವನ್ನು ಗುರುತಾಗಿ ಇಟ್ಟುಕೊಳ್ಳಲೇಬೇಡಿ. ಜಮುನೆಯ (ಬ್ರಹ್ಮಪುತ್ರಕ್ಕೆ ಅಲ್ಲಿನ ಹೆಸರು) ಪಕ್ಕದ ನಾಡದು, ಹೊಳೆ ದಂಡೆ ಕೊರೆಯುತ್ತಲೇ ಇರುತ್ತದೆ. ರಸ್ತೆಯ ಚಹರೆಯೂ ಹಳೆಯದಲ್ಲ. 4.8 ಕಿ.ಮೀ. ಉದ್ದದ ಜಮುನಾ ಸೇತುವೆ 1998ರಲ್ಲಿ ತೆರೆದ ಮೇಲೆ ಟಾಂಗೈಲ್‌ನ ಆಚೆಗೆ ಹೆದ್ದಾರಿ ಬಂದಿದೆ. ಇದನ್ನು ಹಿರಿಯರಿಗೆ ಮೊದಲೇ ಚಿತ್ರದಲ್ಲಿ ತೋರಿಸಿಡಿ.

ಬೇಲೂರು ರಸ್ತೆ

ಮೇಷ್ಟ್ರೇ, ಹಿನ್ನೆಲೆ ಗೊತ್ತಿಲ್ಲದವರಿಗೂ ನಾಲ್ಕು ಸಾಲು ಹಾಕಿ.

ನಕಾಶೆ ಮೇಷ್ಟ್ರು

1971ರ ಡಿಸೆಂಬರ್ 11ರ ಸಂಜೆ. 50ನೇ ಸ್ವತಂತ್ರ ಪ್ಯಾರಾಚೂಟ್ ಬ್ರಿಗೇಡಿನ 2 ಪ್ಯಾರಾ ಪಲ್ಟನ್, ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಮುಖಂಡತ್ವದಲ್ಲಿ, ತೋಪು ಇತ್ಯಾದಿ ಸೇರಿಸಿಕೊಂಡು ಸುಮಾರು ಏಳುನೂರು ಜನ. ವಿಮಾನಗಳು ಹೊರಟದ್ದು ಪಶ್ಚಿಮ ಬಂಗಾಳದ ಕಲೈಕುಂಡ ಮತ್ತು ಡಂಡಂನಿಂದ. ಗುರಿ ಲೋಹಾಜಂಗ್ ನದಿಯ ಪೂಂಗ್ಲಿ ಸೇತುವೆ. ಜಮಾಲ್‌ಪುರ, ಮೈಮೆನ್‌ಸಿಂಗ್ ಕಡೆಯಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ 93ನೇ ಬ್ರಿಗೇಡಿನ ದಾರಿ ಕಡಿಯಬೇಕಿತ್ತು. ಕ್ಯಾಪ್ಟನ್ ಪಿ. ಕೆ. ಘೋಷ್ ಮೊದಲೇ ಒಳಹೊಕ್ಕು ಕಾದೆರ್ ಸಿದ್ದಿಕಿಯವರ ಮುಕ್ತಿವಾಹಿನಿ ಪಡೆಯ ಜೊತೆ ಸಂಪರ್ಕ ಮಾಡಿದ್ದರು. ಇಳಿಯುವ ಬಯಲನ್ನು ಕಾದವರು, ಬಿದ್ದ ಮದ್ದುಗುಂಡು ಹೊತ್ತು ತಂದವರು ಆ ಮುಕ್ತಿಯೋಧರು ಮತ್ತು ಊರಿನ ಜನ. ಸೇತುವೆ ಅದೇ ರಾತ್ರಿ ಕೈವಶ. ಮರುದಿನ ಸಂಜೆ ಉತ್ತರದಿಂದ ಬಂದ 1 ಮರಾಠಾ ಲೈಟ್ ಇನ್‌ಫೆಂಟ್ರಿ ಬಂದು ಕೂಡಿಕೊಂಡಿತು. 2 ಪ್ಯಾರಾ ಅನ್ನುವುದೂ ಮೊದಲು ಮರಾಠಾದ 3ನೇ ಪಲ್ಟನ್ನೇ. ಬೆಳಗಾವಿಯ ರೆಜಿಮೆಂಟಿನ ಎರಡು ಪಲ್ಟನ್‌ಗಳು ಅಷ್ಟು ದೂರದ ಒಂದು ಸೇತುವೆಯ ಬಳಿ ಕೈಕುಲುಕಿದವು.

ಅಂದಹಾಗೆ ನೀವು ಬೆಂಗಳೂರಿನಿಂದ ಕೋಲ್ಕತ್ತಕ್ಕೆ ವಿಮಾನದಲ್ಲಿ ಹೋದರೆ ಇಳಿಯುವುದು ಡಂಡಂನಲ್ಲೇ. ಹಿರಿಯರಿಗೆ ಅದನ್ನು ವಿಮಾನದೊಳಗೇ ಹೇಳಿ, ಇಳಿದ ಮೇಲೆ ಹೇಳಬೇಡಿ.

ಮಲ್ನಾಡ್ ಜಂಪ್‌ಮಾಸ್ಟರ್

ಪತ್ರಿಕೆಗಳಲ್ಲಿ, ಈಗ ವಾಟ್ಸಾಪ್‌ನಲ್ಲಿ ಟಾಂಗೈಲ್ ಡ್ರಾಪ್ ಅಂತ ಓಡಾಡುವ ಫೋಟೋ ಇದೆಯಲ್ಲ, ಆಕಾಶದ ತುಂಬ ಪ್ಯಾರಾಚೂಟ್ ಇರುವುದು. ಅದು ಆಗ್ರಾದ ಅಭ್ಯಾಸದಲ್ಲಿ ತೆಗೆದದ್ದು. ಅದರ ಹಿಂದಿನ ಮರ, ಬಯಲು ನೋಡಿ ಜಾಗ ಹುಡುಕಲು ಹೋಗಬೇಡಿ.

ಒಬ್ಬೊಬ್ಬರು ಎಲ್ಲಿ ಬಿದ್ದರು ಅನ್ನುವುದಕ್ಕೆ ಲೆಕ್ಕ ಇದೆ. ಹಿರಿಯರಿಗೆ ಕೇಳಬೇಕಾದ್ದು ಇಷ್ಟು: ಯಾವ ವಿಮಾನ, ಯಾವ ಬಾಗಿಲು, ಸ್ಟಿಕ್‌ನಲ್ಲಿ (ಒಂದು ಬಾಗಿಲಿನಿಂದ ಸಾಲಾಗಿ ಹಾರುವವರ ಗುಂಪು) ನೀವು ಎಷ್ಟನೆಯವರು. ಪ್ಯಾಕೆಟ್ ವಿಮಾನಕ್ಕೆ ಹಿಂಭಾಗದಲ್ಲಿ ಎಡಬಲ ಎರಡು ಬಾಗಿಲು, ಎರಡೂ ಕಡೆಯಿಂದ ಒಟ್ಟಿಗೆ ಜನ ಹೊರಬೀಳುತ್ತಾರೆ. ಡಕೋಟಾ ವಿಮಾನಕ್ಕೆ ಎಡಗಡೆಯ ಒಂದೇ ಬಾಗಿಲು. ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 55 ಮೀಟರ್. ಸೆಕೆಂಡಿಗೊಬ್ಬ ಹಾರಿದರೆ ಇಪ್ಪತ್ತನೆಯವನು ಮೊದಲನೆಯವನಿಗಿಂತ ಒಂದು ಕಿಲೋಮೀಟರ್ ಮುಂದೆ ಬೀಳುತ್ತಾನೆ. ಬಾಗಿಲಲ್ಲಿ ಒಬ್ಬನ ಸಾಮಾನಿನ ಮೂಟೆ ಸಿಕ್ಕಿಕೊಂಡು ಮೂರು ಸೆಕೆಂಡ್ ತಡವಾದರೆ ಅವನ ಹಿಂದಿನವರೆಲ್ಲ ಇನ್ನೂ 165 ಮೀಟರ್ ಆಚೆ. ಸ್ಟಿಕ್ ಚದುರುವುದು ಹೀಗೆ. ಹೆದರಿಕೆಯಿಂದ ಅಂತ ಬರೆಯುವವರಿದ್ದಾರೆ, ಬಾಗಿಲಿನ ಸಾಮಾನೇ ಹೆಚ್ಚಿನ ಸಲ ಕಾರಣ.

ಅದರ ಮೇಲೆ ಗಾಳಿ. ಸಾವಿರ ಅಡಿಯಿಂದ ಸೆಕೆಂಡಿಗೆ 6 ಮೀಟರಿನಂತೆ ಇಳಿದರೆ ನೆಲ ಮುಟ್ಟಲು ಸುಮಾರು 50 ಸೆಕೆಂಡ್. ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ 250 ಮೀಟರ್ ತೇಲಿಸಿಕೊಂಡು ಹೋಗುತ್ತದೆ. ದುಂಡನೆಯ ಛತ್ರಿಯನ್ನು (ಪ್ಯಾರಾಚೂಟನ್ನು) ಆಗ ಬೇಕೆಂದ ಕಡೆ ತಿರುಗಿಸಿಕೊಂಡು ಹೋಗಲು ಆಗುತ್ತಿರಲಿಲ್ಲ. ಹಾಗಾಗಿ ನಕಾಶೆಯ ಮೇಲೆ ಒಂದು ಚುಕ್ಕಿ ಇಡಬೇಡಿ. ವಿಮಾನದ ದಾರಿಯುದ್ದಕ್ಕೂ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಪಟ್ಟಿ ಎಳೆಯಿರಿ. ಆ ಪಟ್ಟಿಯಲ್ಲಿ ಎಲ್ಲಿ ಹೊಂಡ, ಎಲ್ಲಿ ಬಿದಿರು ಮೆಳೆ ಅಂತ ಹಿರಿಯರ ಮಾತಿನ ಜೊತೆ ಕೂಡಿಸಿ ನೋಡಿದರೆ ಗದ್ದೆ ಸಿಗದಿದ್ದರೂ ಊರಿನ ಮೂಲೆ ಸಿಗುತ್ತದೆ.

ಆಲೂರು ಕಡೆಯವ

ಜಂಪ್‌ಮಾಸ್ಟರ್ ಸಾರ್, ಇಳಿದದ್ದು ಸಂಜೆ ನಾಲ್ಕೂವರೆ ಅಂತ ಓದಿದ್ದೇನೆ. ಹಿರಿಯರೊಬ್ಬರು ‘ನೆಲ ಮುಟ್ಟುವಾಗ ಕತ್ತಲು ಕವೀತಿತ್ತು’ ಅನ್ನುತ್ತಾರೆ. ಯಾವುದು ಸರಿ?

ಮಲ್ನಾಡ್ ಜಂಪ್‌ಮಾಸ್ಟರ್

ಎರಡೂ ಸರಿ ಇರಬಹುದು. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ಡಿಸೆಂಬರ್ ನಡುವಿಗೆ ಅಲ್ಲಿ ಹೊತ್ತು ಮುಳುಗುವುದು ಅಲ್ಲಿನ ಗಡಿಯಾರದಲ್ಲಿ ಐದೂಕಾಲರ ಸುಮಾರಿಗೆ, ನಮ್ಮದರಲ್ಲಿ ಪೌಣೆ ಐದು. ದಾಖಲೆಯ ಸಮಯ ಭಾರತದ್ದಾದರೆ ಸೂರ್ಯ ಆಗಲೇ ದಿಗಂತದ ಹತ್ತಿರ. ಎಲ್ಲ ವಿಮಾನವೂ ಒಂದೇ ನಿಮಿಷಕ್ಕೆ ಬರುವುದಿಲ್ಲ, ಹಿಂದಿನ ಸಾಲಿನವರಿಗೆ ಮುಸ್ಸಂಜೆ. ಇನ್ನೊಂದು, ಆ ತಿಂಗಳ ಹುಣ್ಣಿಮೆ ಡಿಸೆಂಬರ್ 2ಕ್ಕೆ ಆಗಿತ್ತು. 11ರ ರಾತ್ರಿ ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಸೇತುವೆಗೆ ನಡೆದದ್ದೆಲ್ಲ ಗಾಢಾಂಧಕಾರದಲ್ಲಿ. ಅದಕ್ಕೇ ಹಗಲಲ್ಲಿ ಸೇತುವೆ ತೋರಿಸಿದರೆ ಕೆಲವರಿಗೆ ಗುರುತೇ ಹತ್ತುವುದಿಲ್ಲ. ಸಂಜೆ ಅಲ್ಲಿರುವ ಹಾಗೆ ಸಮಯ ಹೊಂದಿಸಿ, ಮುಳುಗುವ ಸೂರ್ಯ ಯಾವ ಭುಜದ ಕಡೆ ಇತ್ತು ಅಂತ ಕೇಳಿ. ಉಳಿದದ್ದನ್ನು ಅವರೇ ಕೈ ಮಾಡಿ ತೋರಿಸುತ್ತಾರೆ.

ಡಾಕ್ಟ್ರು, ಹಾಸನ

ಪ್ಯಾರಾ ಸೈನಿಕರ ಮೈ ಸವೆದಿರುವ ರೀತಿಯೇ ಬೇರೆ. ಸೆಕೆಂಡಿಗೆ 6 ಮೀಟರ್ ಅಂದರೆ ಆರಡಿ ಗೋಡೆಯಿಂದ ಸಾಮಾನು ಹೊತ್ತು ಜಿಗಿದಷ್ಟು ಪೆಟ್ಟು. ಅದಕ್ಕೇ ಪಾದ-ಮಂಡಿ ಜೋಡಿಸಿ, ಮುಂಗಾಲು, ಮೀನಖಂಡ, ತೊಡೆ, ಕುಂಡಿ, ಬೆನ್ನಿನ ಪಕ್ಕ ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗಿಸಿ ಉರುಳುವುದನ್ನು ಕಲಿಸುತ್ತಾರೆ. ಆದರೂ ವರ್ಷಗಟ್ಟಲೆ ಹಾರಿದವರಿಗೆ ಸೊಂಟದ ಮಣಿ, ಮಂಡಿ, ಹರಡು ಮೂರೂ ಕೈಕೊಟ್ಟಿರುತ್ತವೆ. ವಿಮಾನದ ಸದ್ದಿಗೆ ಕಿವಿಯೂ ಮಂದ. ಗುಂಪಿನಲ್ಲಿ ನಿಂತು ಗೈಡ್ ಹೇಳುವುದು ಇವರಿಗೆ ಕೇಳುವುದಿಲ್ಲ, ‘ಹೂಂ’ ಅನ್ನುತ್ತಾರೆ ಅಷ್ಟೆ. ಹಿಯರಿಂಗ್ ಏಡ್‌ನ ಹೆಚ್ಚುವರಿ ಬ್ಯಾಟರಿ ಒಯ್ಯಿರಿ, ಎದುರಿಗೆ ನಿಂತು ಮಾತಾಡಿ.

ಹೊರಡುವ ಎರಡು ತಿಂಗಳು ಮೊದಲು ಇಸಿಜಿ, ಎಕೋ, ಕಿಡ್ನಿ ಪರೀಕ್ಷೆ ಆಗಿರಲಿ. ಮಂಡಿ ಬದಲಾಯಿಸಿದವರು, ಮೈಯಲ್ಲಿ ಗುಂಡಿನ ಚೂರು ಉಳಿದವರು, ಪೇಸ್‌ಮೇಕರ್ ಇದ್ದವರು ವೈದ್ಯರ ಪತ್ರ ಕೈಚೀಲದಲ್ಲಿಟ್ಟುಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಲೋಹ ಕೂಗುತ್ತದೆ. ಇನ್ಸುಲಿನ್ ಲಗೇಜಿಗೆ ಹಾಕಲೇಬೇಡಿ, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಕೆಲಸ ಮಾಡುವುದಿಲ್ಲ. ಕೈಚೀಲದಲ್ಲೇ ಇರಲಿ. ಮಾತ್ರೆಗಳ ಬ್ರ್ಯಾಂಡ್ ಹೆಸರು ಅಲ್ಲಿ ನಡೆಯದು, ಔಷಧದ ಮೂಲ ಹೆಸರಿನಲ್ಲೇ ಬರೆಸಿಕೊಳ್ಳಿ. ಇನ್ಶೂರೆನ್ಸ್ ಮಾಡಿಸುವಾಗ ಇರುವ ಕಾಯಿಲೆ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಕು.

ಮೂತ್ರ ಹೋಗಿಸುವ ಬಿಪಿ ಮಾತ್ರೆ ಇದ್ದರೆ ರಸ್ತೆ ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳಿ. ತಾವಾಗಿ ಬಿಡಬೇಡಿ. ಹಿರಿಯರು ಬಾತ್‌ರೂಮಿನ ಯೋಚನೆಗೆ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ, ಮಧ್ಯಾಹ್ನ ತಲೆಸುತ್ತು ಬಂದು ಬೀಳುವುದು ಅದರಿಂದಲೇ. ಗಂಟೆ-ಒಂದೂವರೆ ಗಂಟೆಗೆ ಗಾಡಿ ನಿಲ್ಲಿಸಿ.

ಕಾಫಿ ಕಣ

ಗದ್ದೆಯಲ್ಲಿ ನಡೆಸುವುದರ ಬಗ್ಗೆ. ಡಿಸೆಂಬರ್ ಅಂದರೆ ಅಲ್ಲಿ ಅಮನ್ ಭತ್ತದ ಕೊಯ್ಲಿನ ಕಾಲ, ಮಳೆಗಾಲದ ಕೆಸರು ಇರಲ್ಲ. ಆದರೂ ಬದು ಕಿರಿದು, ಎರಡು ಕಾಲು ಜೋಡಿಸಿ ನಿಲ್ಲಲು ಕಷ್ಟ. ಹಿರಿಯರ ಮುಂದೆ ಒಬ್ಬ, ಪಕ್ಕದ ತಗ್ಗಿನ ಗದ್ದೆಯಲ್ಲಿ ಒಬ್ಬ ನಡೆಯಬೇಕು, ಹಿಂದೆ ಇದ್ದರೆ ಬೀಳುವವರನ್ನು ಹಿಡಿಯಲು ಆಗದು. ಬೆನ್ನಿರುವ ಮಡಚುವ ಕುರ್ಚಿ ಒಯ್ಯಿರಿ. ಬೆನ್ನಿಲ್ಲದ ಸ್ಟೂಲಿನಿಂದ ಮಂಡಿ ಬದಲಾಯಿಸಿದವರು ಏಳಲಾರರು. ಗಾಲಿಕುರ್ಚಿ ವಿಮಾನ ನಿಲ್ದಾಣಕ್ಕೆ ಸರಿ, ಗದ್ದೆಗೆ ಬೇಡ.

ಗದ್ದೆ ಯಾರದ್ದೋ ಆಗಿರುತ್ತದೆ. ಇಳಿಯುವ ಮೊದಲು ಊರಿನ ಹಿರಿಯರನ್ನು ಕಂಡು ಮಾತಾಡಿ. ಅಂದು ಮದ್ದುಗುಂಡು ಹೊತ್ತವರೋ ಅವರ ಮಕ್ಕಳೋ ಅಲ್ಲೇ ಇರುತ್ತಾರೆ, ಜಾಗವನ್ನು ನಿಮ್ಮ ನಕಾಶೆಗಿಂತ ಚೆನ್ನಾಗಿ ಬಲ್ಲರು. ಬಂಗಾಳಿ ಬಲ್ಲ ಒಬ್ಬರು ಜೊತೆಗಿರಬೇಕು, ಹಿಂದಿಯಲ್ಲಿ ಸುಧಾರಿಸಿಕೊಳ್ಳುತ್ತೇವೆ ಅಂದುಕೊಳ್ಳಬೇಡಿ.

ಸಕಲೇಶಪುರ ಘಾಟಿ

ಎರಡು ಎಚ್ಚರಿಕೆ. ಖಾಲಿ ತೋಟಾ ಸಿಕ್ಕರೂ ಜೇಬಿಗೆ ಹಾಕಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಖಾಲಿಯೋ ತುಂಬಿದ್ದೋ ಕೇಳುವುದಿಲ್ಲ, ಹಿಡಿಯುತ್ತಾರೆ. ಹಾಗೇ ಒಂದು ಹಿಡಿ ಮಣ್ಣು ತರಬೇಕು ಅಂತ ಬಹಳ ಹಿರಿಯರಿಗೆ ಆಸೆ. ಸಸ್ಯ ಸಂಗರೋಧದ ನಿಯಮದಲ್ಲಿ ಹೊರದೇಶದ ಮಣ್ಣನ್ನು ಸುಮ್ಮನೆ ತರುವಂತಿಲ್ಲ. ಹೊರಡುವ ಮೊದಲೇ ಹೇಳಿಬಿಡಿ, ನಿಲ್ದಾಣದಲ್ಲಿ ಕಿತ್ತುಕೊಂಡರೆ ಆ ನೋವು ದೊಡ್ಡದು. ಬೇಕಾದರೆ ಇಲ್ಲಿಂದ ಹೇಮಾವತಿ ನೀರು ಒಯ್ದು ಸೇತುವೆಯ ಬಳಿ ಬಿಡಿ, ನೂರು ಮಿಲಿಲೀಟರ್‌ನ ಒಳಗಿನ ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ.

ಕಳಸದಿಂದ

ವೀಸಾ ಸಿಗದಿದ್ದರೆ ಸುಮ್ಮನೆ ಕೂರಬೇಡಿ. ಪ್ಯಾರಾ ಸೈನಿಕರಿಗೆ ದೇಶದೊಳಗೇ ನೋಡಲೇಬೇಕಾದ ನೆಲ ಮಣಿಪುರದ ಉಖ್ರುಲ್ ಜಿಲ್ಲೆಯ ಸಾಂಗ್‌ಶಾಕ್. 1944ರ ಮಾರ್ಚ್‌ನಲ್ಲಿ ಇದೇ 50ನೇ ಪ್ಯಾರಾ ಬ್ರಿಗೇಡ್, 152 ಇಂಡಿಯನ್ ಮತ್ತು 153 ಗೂರ್ಖಾ ಪಲ್ಟನ್‌ಗಳು, ಜೊತೆಗೆ 4/5 ಮರಾಠಾ, 26ರ ರಾತ್ರಿ ಹಿಂದೆ ಸರಿಯುವವರೆಗೆ ಜಪಾನಿಯರನ್ನು ತಡೆದು ನಿಲ್ಲಿಸಿದವು. ಅವರು ಅಲ್ಲಿ ಹಾರಿ ಇಳಿಯಲಿಲ್ಲ, ಕಾಲಾಳುಗಳಾಗಿ ಕಾದಾಡಿದರು. ಗುಡ್ಡದ ಮೇಲೆ ನೀರಿರಲಿಲ್ಲ, ಆಕಾಶದಿಂದ ಹಾಕಿದ ಸಾಮಾನಿನಲ್ಲಿ ಬಹುಪಾಲು ಶತ್ರುವಿನ ಕಡೆ ಬಿತ್ತು. ಜಾಗ ಅಷ್ಟು ಇಕ್ಕಟ್ಟು. ಅಲ್ಲಿ ನಿಂತಾಗಲೇ ಅದು ಅರ್ಥವಾಗುವುದು.

ಮಣಿಪುರಕ್ಕೂ ನಾಗಾಲ್ಯಾಂಡಿಗೂ ಇನ್ನರ್ ಲೈನ್ ಪರ್ಮಿಟ್ (ಹೊರ ರಾಜ್ಯದವರಿಗೆ ಪ್ರವೇಶದ ಅನುಮತಿ) ಬೇಕು. ಮಣಿಪುರದ ಶಾಂತಿ-ಸುವ್ಯವಸ್ಥೆ ವಿಚಾರಿಸಿಕೊಂಡೇ ಹೊರಡಿ. ನಾಗಾಲ್ಯಾಂಡಿನ ಕೊಹಿಮಾ ಯುದ್ಧ ಸ್ಮಶಾನದಲ್ಲಿ 1,420 ಸಮಾಧಿ. ಆದರೆ ನಮ್ಮ ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಸಮಾಧಿ ಸಾಲಿನಲ್ಲಿ ಹೆಸರು ಹುಡುಕಿ ಬೇಸರಪಡಬೇಡಿ. ಗುಡ್ಡದ ಮೇಲ್ಭಾಗದಲ್ಲಿ ದಹನ ಸ್ಮಾರಕ ಇದೆ, 917 ಹೆಸರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿದರೆ ಯಾವ ಸ್ಮಾರಕ, ಯಾವ ಫಲಕ ಅಂತ ಬರುತ್ತದೆ. 1971ರಲ್ಲಿ ತೀರಿಕೊಂಡ ಸಂಗಾತಿಯ ಹೆಸರು ನೋಡಬೇಕಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ.

ಮೂಡಿಗೆರೆ

ಕಾರ್ಗಿಲ್ ಯುದ್ಧದ ದ್ರಾಸ್ ಹೇಗೆ? ಮುಳ್ಳಯ್ಯನಗಿರಿ ಆರಾಮಾಗಿ ಹತ್ತುವ ಹಿರಿಯರಿದ್ದಾರೆ ಇಲ್ಲಿ.

ಡಾಕ್ಟ್ರು, ಹಾಸನ

ಅದನ್ನು ನಂಬಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದ ಕಾಯಿಲೆ ಶುರುವಾಗುವುದೇ 2,500ರ ಮೇಲೆ. ದ್ರಾಸ್ 3,280, ಶ್ರೀನಗರದಿಂದ ಅಲ್ಲಿಗೆ ಹೋಗುವ ದಾರಿಯ ಜೋಜಿಲಾ 3,500 ಮೀಟರ್. ಲೇಗೆ ವಿಮಾನದಲ್ಲಿ ಇಳಿದರೆ ಎರಡು ದಿನ ಪೂರ್ತಿ ವಿಶ್ರಾಂತಿ. ಶ್ರೀನಗರದಿಂದ ರಸ್ತೆಯಲ್ಲಿ ಹೋಗುವುದು ಒಳ್ಳೆಯದು. ಸೋನಾಮಾರ್ಗ್‌ನಲ್ಲಿ ಒಂದು ರಾತ್ರಿ, ಮರುದಿನ ದ್ರಾಸ್ ನೋಡಿ ಸುಮಾರು 60 ಕಿ.ಮೀ. ಮುಂದಿರುವ ಕಾರ್ಗಿಲ್‌ನಲ್ಲಿ ಮಲಗಿ, ಅದು 2,700ರ ಹತ್ತಿರ. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ 125 ಮಿಲಿಗ್ರಾಂ ದಿನಕ್ಕೆರಡು, ಹತ್ತುವ ಹಿಂದಿನ ದಿನದಿಂದ ಅಂತ ಕೊಡುವುದುಂಟು. ಸಲ್ಫಾ ಅಲರ್ಜಿ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ನಿಮ್ಮ ವೈದ್ಯರನ್ನು ಕೇಳದೆ ನುಂಗಬೇಡಿ.

ಕಾಫಿ ಕಣ

ಯುರೋಪಿನಲ್ಲಿ ತೊಂಬತ್ತು ದಾಟಿದವರು ಮತ್ತೆ ಹಾರುತ್ತಾರಲ್ಲ. ನಮ್ಮ ಹಿರಿಯರೂ ಒಬ್ಬರು ಅದನ್ನೇ ಹಿಡಿದಿದ್ದಾರಂತೆ.

ಮಲ್ನಾಡ್ ಜಂಪ್‌ಮಾಸ್ಟರ್

ಹೌದು, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಗೆ 75 ವರ್ಷ ತುಂಬಿದ 2019ರಲ್ಲಿ ಅಮೆರಿಕದ 101ನೇ ಡಿವಿಷನ್ನಿನ ಟಾಮ್ ರೈಸ್ ಕ್ಯಾರೆಂಟಾನ್ ಬಳಿ 97ನೇ ವಯಸ್ಸಿನಲ್ಲಿ ಹಾರಿದರು. ಅದು ಟ್ಯಾಂಡೆಮ್, ಬೋಧಕನ ಎದೆಗೆ ಕಟ್ಟಿಕೊಂಡು ಹಾರುವುದು. ಇಳಿಯುವಾಗ ಕಾಲು ನೇರ ಮುಂದಕ್ಕೆತ್ತಿ ಕೂತಂತೆ ಜಾರಬೇಕು. ಕುರ್ಚಿಯಲ್ಲಿ ಕೂತು ಎರಡೂ ಕಾಲು ನೆಟ್ಟಗೆ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯಲಾಗದವರಿಗೆ ಅದು ಬೇಡ. ಮೂಳೆ ಸವೆತ, ಸೊಂಟದ ಕೀಲು ಬದಲಾವಣೆ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಒಂದಿದ್ದರೂ ಬೇಡವೇ ಬೇಡ. ಹಳೆಯ ಸೈನಿಕರಿಗೆ ಪಾದ ಜೋಡಿಸಿ ಉರುಳುವುದು ರಕ್ತದಲ್ಲಿ ಇಳಿದಿರುತ್ತದೆ, ನೆಲ ಹತ್ತಿರ ಬಂದಾಗ ಕಾಲು ತಾನಾಗಿ ಕೆಳಗಿಳಿದುಬಿಡುತ್ತದೆ. ಟ್ಯಾಂಡೆಮ್‌ನಲ್ಲಿ ಕಾಲು ಮುರಿಯುವುದು ಅಲ್ಲೇ.

ಯುರೋಪಿನವರಿಂದ ಕಲಿಯಬೇಕಾದ್ದು ಬೇರೆ ಇದೆ. 1944ರಲ್ಲಿ ಪ್ಯಾರಾ ಪಡೆಗಳು ಇಳಿದ ನೆದರ್ಲೆಂಡ್ಸ್‌ನ ಆರ್ನೆಮ್‌ನಲ್ಲಿ ಪ್ರತಿ ಸೆಪ್ಟೆಂಬರ್ ಗಿಂಕೆಲ್ ಬಯಲಿನಲ್ಲಿ ಸ್ಮರಣೆಯ ಜಂಪ್ ನಡೆಯುತ್ತದೆ, ಊಸ್ಟರ್‌ಬೇಕ್ ಸಮಾಧಿಗಳಿಗೆ ಊರಿನ ಶಾಲೆ ಮಕ್ಕಳು 1945ರಿಂದ ಹೂವಿಡುತ್ತಾ ಬಂದಿದ್ದಾರೆ. ಊರಿನವರೇ ಹೊಣೆ ಹೊತ್ತಿದ್ದಾರೆ.

ನಕಾಶೆ ಮೇಷ್ಟ್ರು

ಮಾತಾಡಿಸುವ ಬಗ್ಗೆಯೂ ಹೇಳಿಬಿಡುತ್ತೇನೆ. ‘ಆಗ ಹೇಗನ್ನಿಸಿತು’ ಅಂತ ಕ್ಯಾಮೆರಾ ಹಿಡಿದು ಕೇಳಬೇಡಿ. ಕಾಲ ಕೆಳಗೆ ನೀರಿತ್ತಾ, ಛತ್ರಿ ಎಲ್ಲಿ ಬಿಟ್ಟಿರಿ, ಪಕ್ಕದಲ್ಲಿ ಯಾರಿದ್ದರು, ಹೀಗೆ ನೆಲದ ಪ್ರಶ್ನೆ ಕೇಳಿ. ಕಾಲರ್ ಮೈಕ್ ಹಾಕಿ ಸುಮ್ಮನಿರಿ, ಗಾಳಿ ಸದ್ದಿಗೆ ಮೈಕಿನ ಮೇಲೆ ಸ್ಪಂಜಿನ ಟೋಪಿ ಇರಲಿ. ಅವರು ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ. ಅಂದು ರಾತ್ರಿ ಸನ್ಮಾನ, ಭಾಷಣ ಯಾವುದೂ ಇಟ್ಟುಕೊಳ್ಳಬೇಡಿ, ಮರುದಿನ ಪೂರ್ತಿ ಬಿಡುವು. ಮೂವರೂ ಒಂದೇ ಹೋಟೆಲಿನ ಅಕ್ಕಪಕ್ಕದ ಕೋಣೆಗಳಲ್ಲಿರಲಿ, ರಾತ್ರಿ ಒಬ್ಬರಿಗೊಬ್ಬರು ಬೇಕಾಗುತ್ತಾರೆ.

ಆಲೂರು ಕಡೆಯವ

ಎಲ್ಲರಿಗೂ ಕೈ ಮುಗಿದೆ. ಡಿಸೆಂಬರ್ 11ಕ್ಕೆ ಟಾಂಗೈಲ್, 16ಕ್ಕೆ ಢಾಕಾ ಅಂತ ಇಟ್ಟುಕೊಂಡರೆ ಸರಿಯೇ?

ನಕಾಶೆ ಮೇಷ್ಟ್ರು

11 ಸರಿ. 12 ಬಿಡುವು, 13ಕ್ಕೆ ಮತ್ತೊಮ್ಮೆ ಸೇತುವೆ, ಈ ಸಲ ಬೆಳಗಿನ ಹೊತ್ತು. 16ಕ್ಕೆ ಮಾತ್ರ ಸ್ವಲ್ಪ ಯೋಚಿಸಿ. ಪಲ್ಟನ್ ಢಾಕಾಕ್ಕೆ ಹೋದದ್ದು ಸಾವರ್ ದಾರಿಯಲ್ಲಿ, ಮೀರ್‌ಪುರ ಸೇತುವೆಯ ಮೂಲಕ. ನಮ್ಮ ಜನರಲ್ ನಾಗ್ರಾ, ಅಲ್ಲಿದ್ದ ಪಾಕಿಸ್ತಾನ ಸೇನೆಯ ಮುಖ್ಯಸ್ಥ ನಿಯಾಜಿಗೆ ಶರಣಾಗುವಂತೆ ಚೀಟಿ ಕಳಿಸಿದ್ದೂ ಅಲ್ಲಿಂದಲೇ. ಹಿರಿಯರು ಆ ದಾರಿಯಲ್ಲೇ ಊರು ಹೊಗಬೇಕು ಅನ್ನುತ್ತಾರೆ. ಆದರೆ ಸಾವರ್‌ನಲ್ಲೇ ಬಾಂಗ್ಲಾದೇಶದ ರಾಷ್ಟ್ರೀಯ ಸ್ಮಾರಕ ಇದೆ, 16ರಂದು ಗಣ್ಯರ ವಾಹನ, ಲಕ್ಷಗಟ್ಟಲೆ ಜನ. ವಯಸ್ಸಾದವರು ಗಾಡಿಯಲ್ಲೇ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. 15ರ ಮಧ್ಯಾಹ್ನಕ್ಕೆ ಮೊದಲೇ ಆ ದಾರಿ ದಾಟಿ ಢಾಕಾದಲ್ಲಿ ಉಳಿಯಿರಿ, 16ರ ಸಂಜೆ ಶರಣಾಗತಿ ನಡೆದ ಮೈದಾನಕ್ಕೆ ಹೋಗಿ, ಅದೀಗ ಸುಹ್ರಾವರ್ದಿ ಉದ್ಯಾನ. ಸಾವರ್ ಸ್ಮಾರಕವನ್ನು 17ರ ಬೆಳಿಗ್ಗೆ ಏಳಕ್ಕೆ ಇಟ್ಟುಕೊಳ್ಳಿ, ಬಿಸಿಲೇರುವ ಮೊದಲು ಮುಗಿಯುತ್ತದೆ.